ಎಳ್ಳಮಾವಾಸ್ಯೆಯ ಉಪವಾಸಿ

ಕರ್ನಾಟಕದ ನಕಾಶೆಯನ್ನು ಗೋಡೆಗೆ ತೂಗುಹಾಕಿ ಅದರ ನೆತ್ತಿಯನ್ನು ಹುಡುಕಿದರೆ ಬೀದರ ಜಿಲ್ಲೆ ಸಿಕ್ಕುತ್ತದೆ. ಆ ನೆತ್ತಿಯಲ್ಲಿಯೂ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರಕ್ಕೆ ಸಮೀಪವಾಗಿ, ಠಾಣಾ ಕುಶನೂರ ಎಂಬ ಹೆಸರು ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ. ಬಹುಕಾಲ ಔರಾದ ತಾಲ್ಲೂಕಿನಲ್ಲಿದ್ದ ಈ ಹೋಬಳಿ ಊರು, 2018ರಲ್ಲಿ ಕಮಲನಗರ ಹೊಸ ತಾಲ್ಲೂಕಾದ ಮೇಲೆ ಅದರ ಪಾಲಿಗೆ ಬಂದಿದೆ. ಪ್ರವಾಸಿಗರ ಕೈಪಿಡಿಗಳಲ್ಲಿ ಇದರ ಹೆಸರಿಲ್ಲ. ಕೋಟೆ ನೋಡುವವರು ಬೀದರಿನಲ್ಲಿಯೇ ನಿಲ್ಲುತ್ತಾರೆ. ಶರಣರ ನೆಲ ನೋಡುವವರು ಬಸವಕಲ್ಯಾಣಕ್ಕೆ ಹೋಗುತ್ತಾರೆ. ನಾನು ಹೋದದ್ದು ಇವೆರಡಕ್ಕೂ ಅಲ್ಲ, ಊಟಕ್ಕೆ. ಊಟಕ್ಕೆಂದು ಕರೆದವರ ಊರಿಗೆ ಊಟ ಮಾಡಬಾರದೆಂಬ ನಿಶ್ಚಯದೊಂದಿಗೆ ಹೋದೆನೆಂಬುದೇ ಈ ಪ್ರವಾಸದ ವಿಶೇಷ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಅಲ್ಲಿದೆ. “ಸರ್, ಒಮ್ಮೆ ಎಳ್ಳಮಾವಾಸಿಗಿ ಬರ್ರಿ, ಹೊಲದಾಗ ಭಜ್ಜಿ ಉಣ್ಣುವಿರಂತ” ಎಂದು ಅವನು ಮೂರು ವರ್ಷಗಳಿಂದ ಕರೆಯುತ್ತಿದ್ದ. 2024ರ ಜನವರಿ 11ರಂದು ಆ ಯೋಗ ಕೂಡಿಬಂದಿತು. ಬೆಂಗಳೂರಿನಿಂದ ರಾತ್ರಿಯ ರೈಲಿನಲ್ಲಿ ಹೊರಟು ಬೀದರಿನಲ್ಲಿ ಇಳಿದಾಗ ಮೈ ನಡುಗುವ ಚಳಿ. ಚಳಿ ಬೀದರಿನದು ಎಂದು ನಾನು ತಿಳಿದಿದ್ದೆ. ಅರ್ಧ ಚಳಿ ನನ್ನದೇ ಆಗಿತ್ತೆಂಬುದು ಆಮೇಲೆ ಗೊತ್ತಾಯಿತು.

ಬೀದರಿನಿಂದ ಔರಾದಿನ ಹಾದಿಯಲ್ಲಿ ಕೌಠಾ ಬಳಿ ಮಾಂಜ್ರಾ ನದಿಯನ್ನು ದಾಟಬೇಕು. ಅಲ್ಲಿಯವರೆಗೂ ಕಣ್ಣಿಗೆ ಬೀಳುತ್ತಿದ್ದ ಜಂಬಿಟ್ಟಿಗೆಯ ಕೆಂಪು ಮರೆಯಾಗಿ, ಹೊಳೆಯಾಚೆ ಕರಿಯ ಎರೆಮಣ್ಣಿನ ಬಯಲು ಬಿಚ್ಚಿಕೊಳ್ಳುತ್ತದೆ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದ ಮೇಲಂತೂ ಹೊಲಗಳೇ ಹೊಲಗಳು: ಕಟಾವಿಗೆ ಬಂದ ತೊಗರಿ, ಮೊಣಕಾಲೆತ್ತರದ ಕಡಲೆ, ಹಾಲುಗಾಳಿನ ತೆನೆ ಹೊತ್ತು ತೂಗುವ ಜೋಳ. ಕಪ್ಪು ಮಚ್ಚೆಯ ಬಿಳಿ ದೇವಣಿ ಎತ್ತುಗಳನ್ನು ಹೂಡಿದ ಬಂಡಿಗಳು, ಅವುಗಳಿಗಿಂತ ಹೆಚ್ಚಾಗಿ ಟ್ರ್ಯಾಕ್ಟರುಗಳು, ಅವುಗಳ ತುಂಬ ಹೊಸ ಸೀರೆ, ಹಿತ್ತಾಳೆಯ ಪಾತ್ರೆ, ಮಕ್ಕಳು. ಆ ದಿನ ಊರಿನ ಬೀದಿಗಳು ಬರಿದಾಗಿ ಇಡೀ ಊರೇ ಹೊಲದಲ್ಲಿರುತ್ತದೆ. ಕನ್ನಡ, ಮರಾಠಿ, ಉರ್ದು, ಲಂಬಾಣಿ ನಾಲ್ಕೂ ಒಂದೇ ಬದುವಿನ ಮೇಲೆ ಕೇಳಿಬರುವ ಈ ಸೀಮೆಯಲ್ಲಿ ಹಬ್ಬದ ಹೆಸರನ್ನು ಯಾವ ಭಾಷೆಯಲ್ಲಿ ಹೇಳಿದರೂ ಉಣ್ಣುವ ಪದಾರ್ಥ ಒಂದೇ, ಭಜ್ಜಿ.

ದಕ್ಷಿಣದ ವಾಚಕರು ಇಲ್ಲಿ ಮೋಸಹೋಗಬಾರದು. ನಮ್ಮ ಕಡೆಯ ಬಜ್ಜಿ ಎಣ್ಣೆಯಲ್ಲಿ ಕರಿದದ್ದು; ಇಲ್ಲಿಯ ಭಜ್ಜಿ ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಮೆಂತ್ಯ, ಪಾಲಕ, ಬದನೆ, ಗಜ್ಜರಿ ಮುಂತಾಗಿ ಆ ಋತುವಿನಲ್ಲಿ ನೆಲ ಕೊಟ್ಟದ್ದನ್ನೆಲ್ಲ ಹುಣಿಸೆಹುಳಿ, ಕಡಲೆಹಿಟ್ಟುಗಳೊಂದಿಗೆ ಕುದಿಸಿದ ಗಟ್ಟಿ ಪಲ್ಯ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಇದರ ಸಂಗಡಿಗರು. ಹೊಲದ ನಡುವೆ ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಬಳಿಕ ಮನೆಯವರು ಹೊಲದ ಸುತ್ತ ನಡೆದು ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಬೆಳೆದು ಕೊಟ್ಟ ಭೂಮಿ ಮೊದಲು ಉಣ್ಣಬೇಕು, ಆಮೇಲೆ ಮನುಷ್ಯರು. ದಾರಿಹೋಕರನ್ನೂ ಕೂಗಿ ಕರೆದು ಕೂರಿಸುವ ದಿನವದು.

ಇಂತಹ ಪಂಕ್ತಿಯಲ್ಲಿ ನಾನು ಕುಳಿತಾಗ ನನ್ನ ಚೀಲದಲ್ಲಿ ಎರಡು ಸೌತೆಕಾಯಿಯೂ ಒಂದು ಪುಡಿಯ ಪೊಟ್ಟಣವೂ ಇದ್ದವು.

ಕಾರಣವನ್ನು ಹೇಳಿಬಿಡುತ್ತೇನೆ. ಹತ್ತು ವಾರಗಳ ಹಿಂದೆ ನನ್ನ ತೂಕ 92 ಕಿಲೋ ಇತ್ತು. ವೇದಿಕೆ ಹತ್ತುವಾಗ ಏದುಸಿರು ಬರುತ್ತಿತ್ತು. ಹಿಂದಿನ ಬೆಂಚಿನವರು ನನಗಿಟ್ಟ ಅಡ್ಡಹೆಸರು ನನ್ನ ಕಿವಿಗೂ ಬಿದ್ದಿತ್ತು. ನಮ್ಮೂರಿನ ತೂಕ ಇಳಿಸುವ ಕೇಂದ್ರವೊಂದರಲ್ಲಿ ಮೂರು ತಿಂಗಳ ಹಣ ಕಟ್ಟಿದೆ. ದಿನಕ್ಕೆ 700 ಕ್ಯಾಲೊರಿ: ಬೆಳಿಗ್ಗೆ ಮತ್ತು ರಾತ್ರಿ ನೀರಿನಲ್ಲಿ ಕದಡಿದ ಪುಡಿ, ಮಧ್ಯಾಹ್ನ ಬೇಯಿಸಿದ ತರಕಾರಿ. ವೈದ್ಯರು ನನ್ನನ್ನು ನೋಡಲಿಲ್ಲ, ರಕ್ತಪರೀಕ್ಷೆಯಾಗಲಿಲ್ಲ. ತಕ್ಕಡಿ ಮಾತ್ರ ಪ್ರತಿ ವಾರ ನೋಡುತ್ತಿತ್ತು. ಹತ್ತು ವಾರಗಳಲ್ಲಿ 13 ಕಿಲೋ ಇಳಿದೆ. ಸಹೋದ್ಯೋಗಿಗಳು ಅಭಿನಂದಿಸಿದರು. ಮನೆಯಾಕೆ ಮಾತ್ರ, “ನೀವು ಮೈ ಇಳಿಸಿಲ್ಲ, ಮುಖ ಇಳಿಸಿದ್ದೀರಿ” ಎಂದಳು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಮಲಬದ್ಧತೆ. ಸಣ್ಣ ತಪ್ಪಿಗೂ ವಿದ್ಯಾರ್ಥಿಗಳ ಮೇಲೆ ಹರಿಹಾಯುವ ಸಿಡುಕು. ಇನ್ನೊಂದನ್ನು ಹೇಳಲು ನಾಚಿಕೆ: ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳೆಯ ಪತ್ರಿಕೆಗಳ ಅಡುಗೆಯ ಪುಟಗಳನ್ನು ಒಂದೊಂದಾಗಿ, ಕಾವ್ಯವನ್ನು ಓದುವಂತೆ, ಓದುತ್ತಿದ್ದೆ. ಇವೆಲ್ಲವೂ ಶಿಸ್ತಿನ ಬೆಲೆಯೆಂದು ನಂಬಿದ್ದೆ.

ಎಲೆಯ ಮೇಲೆ ಭಜ್ಜಿ ಬಿತ್ತು. ಮೊಬೈಲನ್ನು ತೆಗೆದು ಅದರ ಕ್ಯಾಲೊರಿಯನ್ನು ಹುಡುಕಿದೆ. ಆ ಲೆಕ್ಕದ ಪೆಟ್ಟಿಗೆಗೆ ಬೀದರಿನ ಭಜ್ಜಿ ಗೊತ್ತಿಲ್ಲ. ಅದು ಈರುಳ್ಳಿ ಬಜ್ಜಿಯ ಅಂಕಿಯನ್ನು ತೋರಿಸಿ ನನ್ನನ್ನು ಇನ್ನಷ್ಟು ಹೆದರಿಸಿತು. “ನನಗೆ ಬೇಡ, ನೀವು ಉಣ್ಣಿ” ಎಂದೆ. ಹೋಳಿಗೆ ಬಂತು, ಬೇಡವೆಂದೆ. ರೊಟ್ಟಿ ಬಂತು, ಕೈ ಅಡ್ಡ ಹಿಡಿದೆ. ಬಡಿಸುತ್ತಿದ್ದ ವಿದ್ಯಾರ್ಥಿಯ ತಾಯಿ ಹಿಂದಕ್ಕೆ ಸರಿದು, ಮಗನನ್ನು ಗುಡಿಸಲಿನ ಮರೆಗೆ ಕರೆದು ಮೆಲ್ಲಗೆ ಕೇಳಿದ ಮಾತು ನನ್ನ ಕಿವಿಗೆ ಬಿತ್ತು: “ಸರು ನಮ್ಮ ಕೈಲಿಂದ ಉಣ್ಣಲ್ಲೇನೋ?”

ಆ ಪ್ರಶ್ನೆಯ ಅರ್ಥ ಹೊಳೆಯಲು ಒಂದು ಗಳಿಗೆ ಬೇಕಾಯಿತು. ನನ್ನ ಪಥ್ಯವನ್ನು ಆ ಮನೆಯವರು ಮಡಿಯೆಂದು ತಿಳಿದಿದ್ದರು. ಇಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಯಾರ ಜೊತೆ ಕುಳಿತು ಉಣ್ಣುವುದು ಎಂಬ ಪ್ರಶ್ನೆಯನ್ನೇ ಶರಣರು ಅಳಿಸಹೊರಟಿದ್ದರೆಂದು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುವವನು ನಾನು. ವಿವರಿಸೋಣವೆಂದು ದಡಬಡಿಸಿ ಎದ್ದೆ. ಎದ್ದವನಿಗೆ ಕಂಡದ್ದು ಕತ್ತಲೆ.

ಕಣ್ಣು ಬಿಟ್ಟಾಗ ಕಡಲೆಯ ಸಾಲಿನ ನಡುವೆ ಅಂಗಾತ ಮಲಗಿದ್ದೆ. ಮುಖದ ಮೇಲೆ ನೀರು, ಸುತ್ತ ಹತ್ತಾರು ಮುಖಗಳು. ಅವುಗಳಲ್ಲಿ ಹತ್ತಿರದ್ದು ವಿದ್ಯಾರ್ಥಿಯ ಅಜ್ಜಿಯದು. ಮನೆಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಾರೆ. ಆಕೆ ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಕಾಲಿನ ಹರಡನ್ನು ಬೆರಳಿನಿಂದ ಒತ್ತಿ, ಬಿಟ್ಟು, ಉಳಿದ ಕುಳಿಯನ್ನು ನೋಡಿದಳು. ಮೊದಲು ‘ಮಾಸ್ತರ’ ಎನ್ನುತ್ತಿದ್ದವಳು ಈಗ ಏಕವಚನಕ್ಕೆ ಇಳಿದಿದ್ದಳು.

“ಎಷ್ಟ ದಿನಾ ಆಯ್ತೋ ತಮ್ಮಾ, ನೀ ಹೊಟ್ಟಿ ತುಂಬ ಉಂಡು?”

“ಎರಡೂವರೆ ತಿಂಗಳು, ಆಯಿ.”

“ಯಾಕ, ಮನ್ಯಾಗ ಜ್ವಾಳ ಇಲ್ಲೇನು?”

ತೂಕ ಇಳಿಸುವುದಕ್ಕೆಂದು ಹೇಳಿದೆ. ಯಾರೋ ನಕ್ಕರು. ಆಯಿ ನಗಲಿಲ್ಲ. “ಇದು ಬರಗಾಲದ ಮಾರಿ ಅದ. ನಾ ನೋಡೀನಿ” ಎಂದಳು.

ವಿದ್ಯಾರ್ಥಿ ನಾಚಿಕೊಂಡು ತಟ್ಟೆಯಲ್ಲಿ ಹೋಳಿಗೆ ತಂದ. ಆಯಿ ಅವನ ಕೈಯನ್ನು ತಡೆದಳು. “ಮೊದಲ ಅಂಬಲಿ ಕೊಡ್ರಿ. ಹೋಳಿಗಿ ಎಲ್ಲೂ ಓಡಿ ಹೋಗಲ್ಲ.” ಅರ್ಧ ಬಟ್ಟಲು ಅಂಬಲಿ, ಉಪ್ಪು ಹಾಕಿದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನರ್ಧ. ಇಳಿಹೊತ್ತಿಗೆ ಅರ್ಧ ರೊಟ್ಟಿ, ಭಜ್ಜಿ. ಆ ದಿನ ಅದಕ್ಕಿಂತ ಹೆಚ್ಚು ಕೊಡಲು ಆಕೆ ಒಪ್ಪಲಿಲ್ಲ.

ಬದುವಿನ ಮೇಲೆ ಕುಳಿತು ಆಕೆ ಹೇಳಿದ್ದು 1972ರ ಬರದ ಕಥೆ. ಮರಾಠವಾಡದಿಂದ ಹಿಡಿದು ಬಿಜಾಪುರದವರೆಗೆ ಹಬ್ಬಿದ್ದ ಆ ಬರದಲ್ಲಿ ಆಯಿ ಆಗತಾನೇ ಈ ಮನೆಗೆ ಬಂದ ಸೊಸೆ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆದದ್ದು, ಸರದಿಯಲ್ಲಿ ನಿಂತು ಹೊರದೇಶದ ಕೆಂಪು ಜೋಳ ತಂದದ್ದು, ಅದರ ರೊಟ್ಟಿ ತಟ್ಟಿದರೆ ಹರಿದುಹೋಗುತ್ತಿದ್ದದ್ದು. ಹಸಿವಿನ ಗುರುತುಗಳನ್ನು ಆಕೆ ವೈದ್ಯರಂತೆ ಎಣಿಸಿದಳು: ಮೊದಲು ಮನುಷ್ಯನಿಗೆ ಚಳಿ ಹತ್ತುತ್ತದೆ, ಬಿಸಿಲಿನಲ್ಲಿಯೂ ಕಂಬಳಿ ಕೇಳುತ್ತಾನೆ. ಆಮೇಲೆ ಸಿಟ್ಟು. ಆಮೇಲೆ ಮಾತೆಲ್ಲ ಅನ್ನದ ಸುತ್ತಲೇ ತಿರುಗುತ್ತದೆ. ಕೊನೆಗೆ ಕಾಲು ಬಾಯುತ್ತವೆ. ಮರುವರ್ಷ ಬೆಳೆ ಬಂದಾಗ ಹಿರಿಯರು ಹೇಳುತ್ತಿದ್ದರಂತೆ, ಹಸಿದು ಒಣಗಿದ ಹೊಟ್ಟೆಗೆ ಒಮ್ಮೆಲೇ ತುಂಬಬಾರದು, ಉಂಡದ್ದೇ ಮೃತ್ಯುವಾಗುತ್ತದೆ ಎಂದು.

ಈ ಸೀಮೆಗೆ ಬರ ಹೊಸದಲ್ಲ. ಬೀದರನ್ನು ರಾಜಧಾನಿ ಮಾಡಿದ ಬಹಮನಿ ಸುಲ್ತಾನ ಅಹಮದ್ ಷಾ, ಮಳೆಯಿಲ್ಲದ ವರ್ಷದಲ್ಲಿ ಬಯಲಿಗೆ ಹೋಗಿ ಪ್ರಾರ್ಥಿಸಿದಾಗ ಮಳೆ ಬಿದ್ದು, ಅದರಿಂದಲೇ ‘ವಲಿ’ ಎನಿಸಿಕೊಂಡನೆಂದು ಪ್ರತೀತಿ. ಅಷ್ಟೂರಿನ ಅವನ ಗೋರಿಗೆ ಹಿಂದೂ ಮುಸ್ಲಿಮರಿಬ್ಬರೂ ಇಂದಿಗೂ ನಡೆದುಕೊಳ್ಳುತ್ತಾರೆ. ದೊರೆಯ ದೊಡ್ಡತನವನ್ನು ಮಳೆಯಿಂದ ಅಳೆದ ನೆಲ ಇದು.

ಊರಿಗೆ ಮರಳಿದವನು ನಾನು ಮೊದಲು ಮಾಡಿದ ಕೆಲಸ ವೈದ್ಯರಲ್ಲಿಗೆ ಹೋದದ್ದು, ಎರಡನೆಯದು ಓದಿದ್ದು. ಆಯಿ ಹೇಳಿದ ಲಕ್ಷಣಗಳನ್ನೆಲ್ಲ, ಅದೇ ಕ್ರಮದಲ್ಲಿ ಅಲ್ಲದಿದ್ದರೂ, ಅಮೆರಿಕದ ಪ್ರಯೋಗವೊಂದರಲ್ಲಿ ಕಂಡೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಯುದ್ಧದಲ್ಲಿ ಹಸಿದ ಯುರೋಪಿಗೆ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ಅವರು ದೇಹದ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ನಾಡಿ ನಿಧಾನವಾಯಿತು, ಚಳಿ ಹತ್ತಿತು, ಕಾಲು ಬಾತವು, ಸಿಡುಕು ಹೆಚ್ಚಿತು. ಅನೇಕರು ಅಡುಗೆಯ ಪುಸ್ತಕಗಳನ್ನು ಓದತೊಡಗಿದರು! ಈ ವಾಕ್ಯವನ್ನು ಓದಿದಾಗ ನನ್ನನ್ನು ಯಾರೋ ರಾತ್ರಿ ಕಿಟಕಿಯಿಂದ ನೋಡಿಬಿಟ್ಟಂತಾಯಿತು. ಮತ್ತೆ ಊಟ ಸಿಕ್ಕಿದಾಗ ಅವರ ಹಸಿವು ತಿಂಗಳುಗಟ್ಟಲೆ ತಣಿಯಲಿಲ್ಲ. ತೂಕ ಮರಳಿತು, ಅದರಲ್ಲಿ ಕೊಬ್ಬಿನ ಪಾಲು ಮೊದಲಿಗಿಂತ ಹೆಚ್ಚಾಗಿತ್ತು. ಆ ಯುವಕರಿಗೆ ಕೊಟ್ಟ ಆಹಾರ ದಿನಕ್ಕೆ ಸುಮಾರು 1570 ಕ್ಯಾಲೊರಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1876–78ರ ಮಹಾಕ್ಷಾಮದಲ್ಲಿ ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲು ಬಂದು, ಪರಿಹಾರದ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದು ಆಣೆ ಸಾಕೆಂದು ಗೊತ್ತುಮಾಡಿದ. ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ವಾದಿಸಿದ, ಬೇಳೆಕಾಳುಗಳೂ ಬೇಕೆಂದ. ಆ ವರ್ಷದ ನಡುವೆಯೇ ಮದ್ರಾಸ್ ಸರ್ಕಾರ ಪಡಿಯನ್ನು ಹೆಚ್ಚಿಸಬೇಕಾಯಿತು. ಒಂದು ಪೌಂಡು ಧಾನ್ಯವೆಂದರೆ ಸುಮಾರು 450 ಗ್ರಾಂ, ಸರಿಸುಮಾರು 1600 ಕ್ಯಾಲೊರಿ. ಚರಿತ್ರೆಯಲ್ಲಿ ಕ್ರೂರವೆಂದು ಹೆಸರಾದ ಪಡಿಯ ಅರ್ಧಕ್ಕಿಂತ ಕಡಿಮೆಯದನ್ನು, ರಸೀದಿ ಪಡೆದು, ಹಣ ಕೊಟ್ಟು, ನಾನು ಕೊಂಡಿದ್ದೆ. ಕ್ಷಾಮದವನಂತೆ ನಾನು ಕಲ್ಲು ಒಡೆಯುತ್ತಿರಲಿಲ್ಲ, ನನ್ನ ಮೈಯಲ್ಲಿ ಕೊಬ್ಬಿನ ಸಂಗ್ರಹವಿತ್ತು. ಅಷ್ಟು ಅಂತರವನ್ನು ಒಪ್ಪುತ್ತೇನೆ. ಆದರೆ ದೇಹಕ್ಕೆ ಬರ ಬಂದದ್ದು ಮುಗಿಲಿನಿಂದಲೋ ಒಡೆಯನ ಅಭಿಮಾನದಿಂದಲೋ ತಿಳಿಯದು. ಅದು ಒಲೆಯ ಉರಿಯನ್ನು ಸಣ್ಣದು ಮಾಡುತ್ತದೆ, ಕೊಬ್ಬಿನೊಂದಿಗೆ ಮಾಂಸಖಂಡವನ್ನೂ ಸುಡುತ್ತದೆ.

ಈ ಉರಿ ತಗ್ಗುವ ಸಂಗತಿಯನ್ನು ಬೆಂಗಳೂರಿನಲ್ಲಿಯೇ ಅಳೆದಿದ್ದಾರೆ. 1980ರ ದಶಕದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಿ. ಎಸ್. ಶೆಟ್ಟಿಯವರು, ಬಹುಕಾಲ ಅರೆಹೊಟ್ಟೆಯಲ್ಲಿದ್ದವರ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿ ಹೊಟ್ಟೆತುಂಬ ಉಂಡವರದಕ್ಕಿಂತ ಕಡಿಮೆಯೆಂದೂ ಅವರ ಮಾಂಸಲ ಭಾಗ ಕುಗ್ಗಿರುತ್ತದೆಂದೂ ತೋರಿಸಿದರು. ತೂಕ ಇಳಿಸಿದವರಲ್ಲಿಯೂ ಉರಿ ಬೇಗ ಏಳುವುದಿಲ್ಲ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಕಠಿಣ ಪಥ್ಯ, ವಿಪರೀತ ವ್ಯಾಯಾಮಗಳಿಂದ ಮೈ ಕರಗಿಸಿದ 14 ಮಂದಿಯನ್ನು ಆರು ವರ್ಷಗಳ ಮೇಲೆ ಪರೀಕ್ಷಿಸಿದಾಗ, ಬಹುಪಾಲು ತೂಕ ಮರಳಿತ್ತು. ದೇಹದ ಖರ್ಚು ಮಾತ್ರ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಇತ್ತೆಂದು 2016ರಲ್ಲಿ ವರದಿಯಾಯಿತು. ನಮ್ಮವರಿಗೆ ಇನ್ನೊಂದು ತೊಡಕು: ಒಂದೇ ಎತ್ತರ, ತೂಕದ ಯುರೋಪಿಯನ್ನರಿಗಿಂತ ಭಾರತೀಯರ ಮೈಯಲ್ಲಿ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ. ಪುಣೆಯ ಡಾ. ಯಾಜ್ಞಿಕರು ಇದನ್ನು ತೋರಿಸಿಕೊಟ್ಟವರಲ್ಲಿ ಪ್ರಮುಖರು. ಇರುವ ಅಷ್ಟಿಷ್ಟು ಮಾಂಸಖಂಡವನ್ನೂ ಹಸಿವಿನಿಂದ ಕರಗಿಸಿಕೊಂಡರೆ ಉಳಿಯುವುದೇನು?

ನನ್ನ ವಿಷಯದಲ್ಲಿ ಉಳಿದದ್ದು ಕಲ್ಲು. ವೈದ್ಯರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಮೂರು ಸಣ್ಣ ಕಲ್ಲುಗಳಿದ್ದವು. ಅದು ಹೀಗೆ: ಮೈಯ ಕೊಬ್ಬು ರಭಸದಿಂದ ಕರಗಿದಾಗ ಪಿತ್ತರಸದಲ್ಲಿ ಕೊಲೆಸ್ಟರಾಲ್ ತುಂಬಿಕೊಳ್ಳುತ್ತದೆ, ಊಟದಲ್ಲಿ ಜಿಡ್ಡಿಲ್ಲದ್ದರಿಂದ ಪಿತ್ತಕೋಶಕ್ಕೆ ಹಿಂಡಿಕೊಳ್ಳುವ ಕೆಲಸವಿಲ್ಲ, ನಿಂತ ರಸ ಹರಳುಗಟ್ಟುತ್ತದೆ. ಹೃದಯದ ಮಿಡಿತವನ್ನು ಕಾಯುವ ಪೊಟ್ಯಾಸಿಯಂ ಕೂಡ ರಕ್ತದಲ್ಲಿ ತಗ್ಗಿತ್ತು. “ಹೊಲದಲ್ಲಿ ಬಿದ್ದದ್ದು ಒಳ್ಳೆಯದಾಯಿತು, ಬೈಕಿನ ಮೇಲೆ ಇದ್ದಿದ್ದರೆ?” ಎಂದರು ವೈದ್ಯರು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ, ದ್ರವ ಪ್ರೋಟೀನನ್ನೇ ಕುಡಿದು ತೂಕ ಇಳಿಸಹೊರಟ ಹತ್ತಾರು ಮಂದಿ ಸತ್ತದ್ದನ್ನು, ಅವರಲ್ಲಿ ಅನೇಕರ ಹೃದಯದ ಲಯ ತಪ್ಪಿದ್ದನ್ನು ಅವರೇ ಹೇಳಿದರು. ಆಯಿಯ ಅಂಬಲಿಯ ಸಂಗತಿ ಕೇಳಿ ತಲೆದೂಗಿದರು. ಬಹುದಿನ ಹಸಿದವನಿಗೆ ಒಮ್ಮೆಲೇ ಸಿಹಿ, ಪಿಷ್ಟಗಳನ್ನು ತುಂಬಿದರೆ ರಕ್ತದ ಫಾಸ್ಫೇಟ್ ಮುಂತಾದ ಲವಣಗಳು ಜೀವಕೋಶಗಳೊಳಗೆ ನುಗ್ಗಿ, ಹೃದಯ ಶ್ವಾಸಕೋಶಗಳೇ ಸೋಲಬಹುದಂತೆ. ನನ್ನಂಥವನಿಗೆ ಅಪಾಯ ಅಷ್ಟು ದೊಡ್ಡದಿರಲಿಲ್ಲವೆಂದರು. ಆದರೂ ಮುದುಕಿ ತಪ್ಪಿಲ್ಲವೆಂದರು.

ಅತಿ ಕಡಿಮೆ ಆಹಾರದ ಚಿಕಿತ್ಸೆ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರ ಕೊಟ್ಟಾಗ, ವರ್ಷದ ಕೊನೆಗೆ ಶೇಕಡಾ 46 ಮಂದಿಯ ಮಧುಮೇಹ ಔಷಧವಿಲ್ಲದೆಯೇ ಹತೋಟಿಗೆ ಬಂದಿತ್ತು. ಆದರೆ ಅಲ್ಲಿ ವೈದ್ಯರ ಕಣ್ಗಾವಲಿತ್ತು, ಪೋಷಕಾಂಶಗಳ ಲೆಕ್ಕವಿತ್ತು, ಮತ್ತೆ ಊಟಕ್ಕೆ ಮರಳಿಸುವ ಮೆಟ್ಟಿಲುಗಳಿದ್ದವು. ನನಗೆ ಇದ್ದದ್ದು ತಕ್ಕಡಿ. ಏಕಾದಶಿಯ, ಶ್ರಾವಣ ಸೋಮವಾರದ ಒಪ್ಪೊತ್ತಿನ ಉಪವಾಸಗಳನ್ನೂ ಇದರೊಂದಿಗೆ ಕೂಡಿಸಬಾರದು. ಮರುದಿನ ಪಾರಣೆಯಿರುವ ಉಪವಾಸದ ಮಾತೇ ಬೇರೆ.

ಬೀದರ ಹಿಂದೆ ಸೇರಿದ್ದ ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. ಬರಿಯ ಜೋಳವನ್ನೇ ತಿಂದು ಬದುಕುತ್ತಿದ್ದ ದಖ್ಖನ್ನಿನ ಬಡವರಿಗೆ ಪೆಲ್ಲಾಗ್ರಾ ಎಂಬ ಚರ್ಮರೋಗ ಏಕೆ ಬರುತ್ತದೆಂದು 1960ರ ಸುಮಾರಿಗೆ ಡಾ. ಗೋಪಾಲನ್ ಅವರು ಹುಡುಕಿದ್ದು ಅಲ್ಲಿಯೇ. ಹಿಟ್ಟಿನ ತೂಕ ಸಾಲದು, ಅದರ ಜೊತೆಗಾರರೂ ಮುಖ್ಯವೆಂಬುದು ಅದರಿಂದ ತಿಳಿಯಿತು. ಹತ್ತಾರು ಕಾಳು ಸೊಪ್ಪುಗಳ ಭಜ್ಜಿಯನ್ನು ರೊಟ್ಟಿಗೆ ಜೋಡಿಸಿದವರಿಗೆ ಅದನ್ನು ಯಾರು ಹೇಳಿಕೊಟ್ಟರೋ! ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಸೂತ್ರಗಳಲ್ಲಿ, ತೂಕ ಇಳಿಸುವ ಪಥ್ಯವೂ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿರಬಾರದು, ಇಳಿತ ವಾರಕ್ಕೆ ಸುಮಾರು ಅರ್ಧ ಕಿಲೋ ಇದ್ದರೆ ಸಾಕು ಎಂದಿದೆ.

ಆ ವೇಳೆಗೆ, ಪುಡಿಯನ್ನು ಬಿಟ್ಟ ನಾಲ್ಕೇ ತಿಂಗಳಲ್ಲಿ, ಕಳೆದ 13 ಕಿಲೋಗಳಲ್ಲಿ 10 ನನ್ನ ಮೈಗೆ ಮರಳಿದ್ದವು. ಅಭಿನಂದಿಸಿದವರೇ ಈಗ ಸಂತಾಪ ಸೂಚಿಸಿದರು. ಹೊಸದಾಗಿ ಶುರುಮಾಡಿದ್ದು ದೊಡ್ಡ ಸಾಹಸವೇನಲ್ಲ. ಬೆಳಿಗ್ಗೆ ಒಂದು ಗಂಟೆ ನಡಿಗೆ, ವಾರಕ್ಕೆರಡು ದಿನ ತೂಕ ಎತ್ತುವ ವ್ಯಾಯಾಮ, ತಟ್ಟೆಯಲ್ಲಿ ಅನ್ನದ ಅರ್ಧ ಜಾಗಕ್ಕೆ ಕಾಳು ಪಲ್ಯ, ರಾತ್ರಿ ಎರಡು ರೊಟ್ಟಿ. ಕೆಲವು ವಾರ ಅರ್ಧ ಕಿಲೋ ಇಳಿಯುತ್ತಿತ್ತು. ಕೆಲವು ವಾರ ತಕ್ಕಡಿ ಮುಳ್ಳು ಕದಲುತ್ತಲೇ ಇರಲಿಲ್ಲ. ಮದುವೆಯೊಂದಕ್ಕೆ ಹೋಗಿಬಂದ ವಾರ ಮೇಲಕ್ಕೇ ಹೋಯಿತು. ಸಿಡುಕು ಮಾತ್ರ ಹೋಯಿತೆಂದು ಮನೆಯಲ್ಲಿ ಹೇಳುತ್ತಾರೆ. ಕಲ್ಲುಗಳು ಹಾಗೆಯೇ ಇವೆ. ನೋವು ಕೊಡುವವರೆಗೆ ಅವುಗಳನ್ನು ಕದಲಿಸುವುದು ಬೇಡವೆಂದು ವೈದ್ಯರ ಮತ.

2024ರ ಡಿಸೆಂಬರ್ 30ರಂದು ಮತ್ತೆ ಎಳ್ಳಮಾವಾಸ್ಯೆ ಬಂತು. ಈ ಸಲ ಮನೆಯಾಕೆಯನ್ನೂ ಕರೆದುಕೊಂಡು ಮಾಂಜ್ರಾ ದಾಟಿದೆ. ಅದೇ ಹೊಲ, ಅದೇ ದಂಟಿನ ಗುಡಿಸಲು, ಐದು ಕಲ್ಲುಗಳು. ಚರಗ ಚೆಲ್ಲಲು ನನ್ನ ಕೈಗೂ ಒಂದು ಪಾತ್ರೆ ಕೊಟ್ಟರು. ಪಂಕ್ತಿಯಲ್ಲಿ ಕುಳಿತಾಗ ವಿದ್ಯಾರ್ಥಿಯ ತಾಯಿ ರೊಟ್ಟಿ ಹಿಡಿದು ನನ್ನೆದುರು ಒಂದು ಕ್ಷಣ ನಿಂತರು. ನಾನು ಎರಡೂ ಕೈ ಚಾಚಿದೆ. ಭಜ್ಜಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡೆ, ಹೋಳಿಗೆ ಒಂದು.

ಆಯಿ ದೂರದಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಊಟವಾದ ಮೇಲೆ ಹತ್ತಿರ ಬಂದು ತೋಳನ್ನು ಹಿಡಿದು ನೋಡಿ, “ಈಗ ಮಾರಿ ಸರಿ ಅದ” ಎಂದಳು. ಆಮೇಲೆ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, “ಇದು ಇನ್ನಾ ಸ್ವಲ್ಪ ಅದ. ಅವಸರ ಮಾಡಬ್ಯಾಡ ತಮ್ಮಾ” ಎಂದು, ನನ್ನ ಕೈಯಲ್ಲಿ ಒಂದು ಕುಡುಗೋಲು ಇಟ್ಟು ತೊಗರಿಯ ಸಾಲನ್ನು ತೋರಿಸಿದಳು.